ಆಗಿಂದ ಬಗ್ಗೇ

ಟ್ಯಾಬು ಜಾರದಂತೆ ಅದರ ಬೆನ್ನಿಗೆ
ಕಬ್ಬಿಣದ ಮಾತ್ರೆಯ ಡಬ್ಬ ಕೊಟ್ಟೆ.
ಡಾಕ್ಟರಮ್ಮ ದುರ್ಗದಲ್ಲಿ, ಪರದೆಯೊಳಗೆ;
ಈಚೆ, ನನ್ನ ಉಪಕೇಂದ್ರದಲ್ಲಿ, ಈರಬಡಪ್ಪ,
ಮೂವತ್ತು ವರ್ಷ ಕುಣಿಮಗ್ಗದಲ್ಲಿ
ಅರ್ಧ ಹೂತು ಕಂಬಳಿ ನೇಯ್ದವನು,
ಅಂಗಿ ತೆಗೆಯಲು ನಾಚುತ್ತ.

'ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು?'
'ಬೆಳಿಗ್ಗೆ ಎರಡು ಮೊಳ ಇರ್ತೈತಮ್ಮ,
ಸಂಜೀಕೆ ಆರಾಗ್ತೈತೆ.'
ಆರು ಎಂದು ಬರೆದುಕೊಂಡರು.

'ಸಿಸ್ಟರ್, ಒತ್ತಿ ನೋಡಿ. ಇನ್ನೂ ಕೆಳಗೆ.'
ದುರ್ಗದ ಕಣ್ಣು, ನನ್ನ ಹೆಬ್ಬೆರಳು.
ನಾಲ್ಕನೆಯ ಗಂಟಿಗೆ ಉಸಿರು ಹಿಡಿದ.
ಪರದೆಗೆ ಅದು ಕಾಣುವುದಲ್ಲ,
ನಾನು ಹೇಳಿದೆ.

'ಈಗ ಬಗ್ಗಿ, ಕಾಲು ಮುಟ್ಟಿ.'
ಮೊಣಕಾಲಿಗೆ ಬಂದ ಕೈ ಅಲ್ಲೇ ನಿಂತಿತು,
ನೆಟ್‌ವರ್ಕೂ ನಿಂತಿತು.
ಗೋಡೆ ಹಿಡಿದು ಎದ್ದ, ಅಂಗಿ ತೊಟ್ಟ, ನೀರು ಕುಡಿದ.
ಎಷ್ಟೋ ಹೊತ್ತಿಗೆ ದನಿಯೊಂದೇ ಮರಳಿ:
'ಸಾಕು, ಸಾಕು, ಮೇಲೇಳಿ,
ಆಗಿಂದ ಬಗ್ಗೇ ಇದ್ದೀರಲ್ಲ!'

ನನಗೆ ನಗು. ಅವನಿಗಿಲ್ಲ.
'ಹೂ ಕಣವ್ವ,' ಅಂದ ಟ್ಯಾಬಿಗೆ,
'ನೀವಾದ್ರೂ ಕಂಡ್ರಲ್ಲ.'

ಎಕ್ಸ್‌ರೇಗೆ ಚಳ್ಳಕೆರೆಗೆ ಚೀಟಿ.
ಬಸ್ಸು ಬಂತು, ಸೀಟುಗಳಿದ್ದವು.
ಕಂಬಿ ಹಿಡಿದು ನಿಂತೇ ಹೋದ.