ಚೆಂಡಿಲ್ಲದ ಮಂಗಳವಾರ

ಚೆಂಡುಗಳನ್ನೆಲ್ಲ ಬಲೆಚೀಲಕ್ಕೆ ತುಂಬಿ
ಸ್ಟೋರಿಗೆ ಬೀಗ ಜಡಿದಿದ್ದೇನೆ. ಸ್ಮಿಲ್ತೆ, ಹುಡುಕಬೇಡ.
ಕೀಲಿ ನನ್ನ ಕೋಟಿನ ಜೇಬಲ್ಲಿದೆ,
ಕೋಟು ನನ್ನ ಮೈಮೇಲಿದೆ,
ಬಾಯ್ಲರು ಇವತ್ತೂ ಕೆಟ್ಟಿದೆ.

ಶನಿವಾರ ಉತೆನಾದಲ್ಲಿ ನೀವು ಆಡಿದ್ದನ್ನು
ಬಾಸ್ಕೆಟ್‌ಬಾಲ್ ಅನ್ನಲು ನಾಲಗೆ ಏಳದು.
ಒಬ್ಬಳ ಕೈಯಲ್ಲಿ ಚೆಂಡು, ಸುತ್ತ ನಾಲ್ವರು
ಜೇನಹನಿಗೆ ಮುತ್ತಿದ ಇರುವೆ.
ತಡೆಯಲು ಬಂದ ಐವರೂ ಅಲ್ಲೇ.
ಹತ್ತು ಜನ, ಒಂದೇ ಕಂಬಳಿಯೊಳಗೆ!
ಉಳಿದ ಮುಕ್ಕಾಲು ಅಂಗಳ
ಯಾರೂ ಬಾರದ ಮದುವೆಮನೆಯಂತೆ
ಸುಮ್ಮನೆ ಝಗಝಗಿಸುತ್ತಿತ್ತು.

ಕೈ ಚಾಚಿ. ಎರಡೂ.
ನಿನ್ನ ಬೆರಳ ತುದಿಗೂ ಅವಳ ಬೆರಳ ತುದಿಗೂ ನಡುವೆ
ಇಬ್ಬರು ಉದ್ದಕ್ಕೆ ಮಲಗುವಷ್ಟು ಜಾಗ.
ರುಸ್ನೆ, ಹೇಳಿದೆನೆಂದು ಮಲಗಿಯೇ ಬಿಡುವುದೇ?
ಇರಲಿ, ಮಲಗು. ಅಳತೆಗೋಲಾಗು.
ಒಬ್ಬ ಕಾವಲಿನವಳು ಇಬ್ಬರನ್ನು ಕಾಯಲಾರದಷ್ಟು ದೂರ,
ಪಾಸು ದಾರಿಯಲ್ಲೇ ಮುದಿಯಾಗದಷ್ಟು ಹತ್ತಿರ.
ಅಷ್ಟೇ. ಇದಕ್ಕೆ ಟೇಪು ಬೇಡ,
ಕತ್ತು ಎತ್ತಿದರೆ ಸಾಕು.

ಈಗ ಇಲ್ಲದ ಚೆಂಡನ್ನು ಲಿಯೆಪಾಗೆ ಕೊಡು.
ಕೊಟ್ಟೆಯಾ?
ಮತ್ತೆ ಯಾಕೆ ನಿಂತೆ,
ಸಾಲ ಕೊಟ್ಟವಳ ಹಾಗೆ ಅವಳ ಕೈಯನ್ನೇ ನೋಡುತ್ತ?
ಕೊಟ್ಟವಳು ಓಡಬೇಕು. ಬುಟ್ಟಿಯ ಕಡೆಗೆ,
ಎದೆ ಮುಂದೆ, ಅಂಗೈ ತೆರೆದು.
ಬಾರದಿದ್ದರೆ ಆ ಮೂಲೆಯಿಂದ ಹೊರಟುಹೋಗು,
ನಿನ್ನ ಹಿಂದೆ ಬರುವವಳಿಗೆ ಬಾಗಿಲು ಬಿಡು.
ಚೆಂಡು ಈ ಬದಿಯಿಂದ ಆ ಬದಿಗೆ ಹೋಗಲಿ,
ಕಾವಲಿನವಳ ಕತ್ತು ಹೊರಳಲಿ;
ಹೊರಳಿದ ಆ ಒಂದು ಚಣ
ಅವಳ ಬೆನ್ನ ಹಿಂದಿನ ನೆಲವೆಲ್ಲ ನಮ್ಮದು.

ಜಿವಿಲೆ ಕೈ ಎತ್ತಿದ್ದಾಳೆ.
ಚೀಸ್ ಕಾರ್ಖಾನೆಯ ರಾತ್ರಿಪಾಳಿಯ ಅಮ್ಮನ ಬೂಟು
ಎರಡು ಜೊತೆ ಕಾಲುಚೀಲದ ಮೇಲೆ ತೊಟ್ಟ ಹುಡುಗಿ,
ತಿಂಗಳಿಗೊಮ್ಮೆ ಮಾತಾಡುವವಳು.
"ಉತೆನಾದಲ್ಲಿ ಹದಿನೇಳು ಸಲ ಓಡಿದೆ, ಟೀಚರ್.
ಒಂದು ಸಲವೂ ಬರಲಿಲ್ಲ."

ಎಣಿಸಿದ್ದಾಳೆ!

ನಾನು ಬಾಯಿ ತೆರೆದೆ; ಮೂವತ್ತು ವರ್ಷದಿಂದ
ಕಲಿಸುವ ಬಾಯಿ ಇದು, ಏನೂ ಬರಲಿಲ್ಲ.
ಹದಿನಾರರಲ್ಲಿ ನಾನೂ ಹೀಗೆ ಓಡಿದವಳೇ,
ಕೇಳುವ ಧೈರ್ಯವಿರಲಿಲ್ಲ, ಎಣಿಸುವ ಬುದ್ಧಿಯೂ.
ನೋಟುಬುಕ್ಕು ತೆಗೆದು ಓದಿದೆ, ಪೆನ್ಸಿಲಿನ ಅಕ್ಷರ:
ಮೂರನೆಯ ಕ್ವಾರ್ಟರು, ನಾಲ್ಕು ನಿಮಿಷ ಉಳಿದಿದೆ.
ಜಿವಿಲೆ ಒಳಗೆ ನುಗ್ಗಿದಳು, ಇಬ್ಬರು ಅವಳ ಬೆನ್ನುಹತ್ತಿದರು,
ಸ್ಮಿಲ್ತೆಯ ಮುಂದೆ ಯಾರೂ ಇಲ್ಲ. ಎರಡು ಅಂಕ.
ಪಕ್ಕದಲ್ಲಿ ಹೆಸರು: ಜಿವಿಲೆ.

"ಬುಟ್ಟಿಗೆ ಹಾಕಿದ್ದು ನಾನು," ಅಂದಳು ಸ್ಮಿಲ್ತೆ.
ನಿಜ. ಅಧಿಕೃತ ಹಾಳೆಯಲ್ಲಿ ನಿನ್ನದೇ ಇದೆ, ಶಾಯಿಯಲ್ಲಿ.
ಜಾಗ ಮಾಡಿದವಳಿಗೆ ಆ ಹಾಳೆಯಲ್ಲಿ ಕಲಮು ಇಲ್ಲ,
ಅದಕ್ಕೇ ಈ ನೋಟುಬುಕ್ಕು.
ಅವಳು ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ.
ಹದಿಮೂರಕ್ಕೆ ಅದೂ ಒಂದು ವ್ಯಾಯಾಮ.

ಮತ್ತೆ ಓಟ. ಹಲಗೆಯ ಮೇಲೆ ಬೂಟುಗಳ ಕೀಚು,
ಬಾಯಿಂದ ಹಬೆ, ಹೆಸರು ಕೂಗುವ ದನಿ.
ಕೊಡು, ಓಡು, ಬಿಡು, ತುಂಬು.
ಎಲ್ಲಿ ಯಾರೂ ಇಲ್ಲವೋ ಅಲ್ಲಿಗೆ ಯಾರೋ ಒಬ್ಬಳು.
ಒಮ್ಮೆ, ಒಂದೇ ಒಮ್ಮೆ,
ಐವರೂ ಸರಿಯಾದ ಹೊತ್ತಿಗೆ ಹೊರಳಿದರು;
ಇಲ್ಲದ ಚೆಂಡು ಎಲ್ಲಿದೆಯೆಂದು
ನನಗೆ ಕಂಡಿತು, ಆಣೆ.
ಸ್ಮಿಲ್ತೆ ಮೂಲೆಯಿಂದ ಒಳಗೆ ನುಗ್ಗಿದಳು,
ಯಾರೂ ಕೊಡಲಾರರೆಂದು ಗೊತ್ತಿದ್ದೂ ಅಂಗೈ ತೆರೆದು.
ಹಾಗೇ ಹಾದು ಆಚೆಗೆ ಹೋದಳು.
ಪೆನ್ಸಿಲು ಹುಡುಕಿದೆ, ಕಿವಿಯ ಹಿಂದೆಯೇ ಇತ್ತು.

ಗುರುವಾರ ಚೆಂಡು ಕೊಡುತ್ತೇನೆ. ಒಂದು.
ಹನ್ನೊಂದು ಜನಕ್ಕೂ ಅದೇ.
ಈಗ ಹೊರಡಿ, ಬಸ್ಸು ಕಾಯುವುದಿಲ್ಲ.

ಕೋಟು ಯಾವಾಗ ಬಿಚ್ಚಿದೆನೋ,
ಬೆಂಚಿನ ಮೇಲಿದೆ, ಜೇಬು ಮೇಲಾಗಿ.
ಕೀಲಿಯೂ ಇದೆ.