ಕಾರ್ಬನ್ ಪ್ರತಿ

ಸಂಡೆ ಸ್ಕೂಲು ಮುಗಿದ ಮೇಲೆ ಆ ಹುಡುಗ
ಚಪ್ಪಲಿ ಹುಡುಕುತ್ತ, ನನ್ನ ಮುಖ ನೋಡದೆ ಕೇಳಿದ:
'ಬರೆದವರಿಗೆ ಗೊತ್ತಿತ್ತಾ ಅಂಕಲ್,
ತಾವು ಏನು ಬರೀತಿದೀವಿ ಅಂತ?'
ಅಯ್ಯನವರನ್ನ ಕೇಳು ಅಂದೆ.
ಅವರು ನಿಮ್ಮನ್ನ ಕೇಳು ಅಂದ್ರು, ಅಂದ.

ನಾನು ಸಿವಿಲ್ ಕೋರ್ಟಿನೆದುರು ಹೊಂಗೆಮರದ ಬುಡದಲ್ಲಿ
ಮೂವತ್ತೊಂದು ವರ್ಷದಿಂದ ಟೈಪು ಕುಟ್ಟುವವನು.
ಯಂತ್ರದ ಒತ್ತಕ್ಷರ ಅರ್ಧ ಗೆರೆ ಕೆಳಗೆ ಜಾರುತ್ತದೆ;
ನನ್ನ ಅರ್ಜಿಗಳಲ್ಲಿ ಎಲ್ಲರ ಕಷ್ಟವೂ ತುಸು ಕುಂಟುತ್ತದೆ.
ಬಾಡಿಗೆದಾರ, ಮಾಲೀಕ, ಬಿಟ್ಟವಳು, ಬಿಡಲೊಲ್ಲದವನು,
ಎಲ್ಲರೂ ನನ್ನ ಬೆರಳಲ್ಲೇ 'ನಾನು' ಎನ್ನುತ್ತಾರೆ.
ಸಂಜೆ ಆರಕ್ಕೆ ಯಂತ್ರಕ್ಕೆ ಗವಸು ಹಾಕಿದರೆ
ಒಬ್ಬರ ಮಾತೂ ನೆನಪಿರುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ.
ಅವರನ್ನು ಒಬ್ಬೊಬ್ಬರಾಗಿ ಕರೆದು ನನ್ನ ಬೆಂಚಿನ ಮೇಲೆ ಕೂರಿಸಿದೆ:
ಕುರಿ ಕಾದವನು, ಅತ್ತಿಹಣ್ಣು ಕಿತ್ತವನು, ಸುಂಕ ಎತ್ತಿದವನು,
ಸೆರೆಮನೆಯಿಂದ ಕಾಗದ ಬರೆದು
ಬಿಟ್ಟುಬಂದ ಕಂಬಳಿ ತರಿಸಿಕೊಂಡವನು.
'ಕಂಬಳಿ ತಾ ಎಂದು ಬರೆವಾಗ, ಸ್ವಾಮಿ, ನಿಮಗೆ ಗೊತ್ತಿತ್ತೆ,
ಎರಡು ಸಾವಿರ ವರ್ಷದ ಮೇಲೆ ಶಾಂತಿನಗರದಲ್ಲಿ
ಒಬ್ಬ ಟೈಪಿಸ್ಟು ಎದ್ದುನಿಂತು
ಅದನ್ನೇ ಸಭೆಗೆ ಓದುತ್ತಾನೆಂದು?'
ಅವನು ಚಳಿಯ ಬಗ್ಗೆ ಮಾತ್ರ ಮಾತಾಡಿದ.
ಇನ್ನೊಬ್ಬ, ಕಂಡದ್ದು ತಿಳಿಯದೆ
ದೇವದೂತನಿಗೇ ಮರುಪ್ರಶ್ನೆ ಹಾಕಿದವನು, ಕೈಯಾಡಿಸಿದ:
ಮುಚ್ಚಿಡು ಅಂದರು, ಮುಚ್ಚಿಟ್ಟೆ.

ಹಾಗಾದರೆ ಕಾರ್ಬನ್ ಹಾಳೆಗಳೇ ಇವರು?
ಮೇಲಿಂದ ಏಟು, ಕೆಳಗೆ ಅಚ್ಚು,
ನಡುವೆ ಕಪ್ಪಗೆ ಸುಮ್ಮನಿದ್ದವರು?
ಇರಲಾರದು. ಎಷ್ಟು ರೀಮು ಕಾರ್ಬನ್ ಸವೆಸಿದ್ದೇನೆ,
ಒಂದಾದರೂ ತಾನು ಹುಟ್ಟಿದ ದಿನಕ್ಕೆ ಶಾಪ ಹಾಕಿದ್ದು ಕಾಣೆ.

ಮಂಗಳವಾರ ಕಾಟನ್‌ಪೇಟೆಯ ಪುಟ್ಟಚೌಡಮ್ಮ ಬಂದಳು,
ರೇಷನ್ ಕಾರ್ಡಲ್ಲಿ ಮೊಮ್ಮಗಳ ಹೆಸರು ಸೇರಿಸಬೇಕಿತ್ತು.
'ನನ್ನ ಗುರುತಿಲ್ವಾ?' ಎಂದು ಚೀಲದಿಂದ ತೆಗೆದಳು
ಲ್ಯಾಮಿನೇಷನ್ ಮಾಡಿಸಿದ ಹಳೇ ಅರ್ಜಿ.
ಮಿಲ್ಲು ಮುಚ್ಚಿದ ವರ್ಷದ್ದು. ಕುಂಟುವ ಒತ್ತಕ್ಷರ ನನ್ನದೇ.
ಕೇಸು ಸೋತಿತ್ತು. ದುಡ್ಡು ಬರಲಿಲ್ಲ.
ಆಮೇಲೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತಳಂತೆ,
ಮೊದಲು ಕೂಡಿಸಿ ಓದಿದ್ದು ಇದರ ನಾಲ್ಕನೇ ಸಾಲಂತೆ.
ಬೆರಳಿಟ್ಟು, ಒಂದೊಂದೇ ಅಕ್ಷರ ತಡೆದು, ಓದಿದಳು:

'ಅರ್ಜಿದಾರಳು ಒಬ್ಬಳಲ್ಲ.'

'ಗಂಡ ಹೋದಾಗ ಓದ್ಕಂಡೆ. ಮಗ ಜೈಲಿಗೆ ಹೋದಾಗ್ಲೂ.
ಅದೆಂಗೆ ಗೊತ್ತಾಯ್ತು ಸಾಮಿ ನಿಮ್ಗೆ, ಅಷ್ಟು ಮುಂಚೆ?'

ನನಗೇನು ಗೊತ್ತು, ತಾಯಿ.
ಅದರ ಮುಂದಿನ ಸಾಲನ್ನು ನೀನು ಓದಿಲ್ಲ:
'ಇತರೆ ಹದಿನೇಳು ಮಂದಿಯ ಪಟ್ಟಿಯನ್ನು ಲಗತ್ತಿಸಿದೆ.'
ಅಷ್ಟೇ ನಾನು ಹೇಳಹೊರಟದ್ದು.
ಪುಟಕ್ಕೆ ನಾಲ್ಕು ರೂಪಾಯಿ, ನಕಲಿಗೆ ಎಂಟಾಣೆ.

ಇದನ್ನು ಬಾಯಿಬಿಟ್ಟು ಹೇಳಲಿಲ್ಲ.
ಸುಳ್ಳಾದೀತೆಂದಲ್ಲ, ಆ ಹದಿನೇಳು ಹೆಸರೂ ನಿಜವೇ;
ಒಬ್ಬಳಲ್ಲ ಎಂಬುದೂ ನಿಜವೇ;
ನಾನು ಬರೆದದ್ದಕ್ಕಿಂತ ನಿಜ.
ನಾನು ಬಾಗಿಲ ಅಳತೆ ಬರೆದಿದ್ದೆ,
ಅವಳು ಒಳಗೆ ಹೋಗಿ ಹತ್ತೊಂಬತ್ತು ವರ್ಷ ಬಾಳಿದ್ದಳು.

'ಇನ್ನೊಂದು ಸಲ ಓದಮ್ಮ' ಎಂದೆ.
ಬಸ್ಸೊಂದು ಹಾರ್ನು ಹಾಕುತ್ತ ಹೋಯಿತು, ತಡೆದಳು,
ಮತ್ತೆ ಮೊದಲಿಂದ ಓದಿದಳು.
ನನಗೂ ಒಬ್ಬರಿಲ್ಲ ಮನೆಯಲ್ಲಿ.

ರೇಷನ್ ಕಾರ್ಡಿನ ಅರ್ಜಿಗೆ ದುಡ್ಡು ತಗೊಳ್ಳಲಿಲ್ಲ.
ಟೈಪು ಮಾಡುವಾಗ ಮಾತ್ರ ಬೆರಳು ಯಾಕೋ ನಿಧಾನ,
'ಸೇರಿಸಿಕೊಳ್ಳಬೇಕಾಗಿ ವಿನಂತಿ' ಎಂಬಲ್ಲಿ
ಯಾರೋ ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸಿ
ತಿರುಗಿ ನೋಡಿದೆ. ಹೊಂಗೆಯ ಹೂವು ಉದುರುತ್ತಿತ್ತು.

ಭಾನುವಾರ ಹುಡುಗನಿಗೆ ಹೇಳಬೇಕೆಂದು ಕಾದೆ.
ಬರಲಿಲ್ಲ. ಕ್ರಿಕೆಟ್ ಮ್ಯಾಚಂತೆ.