ನಿನ್ನೆಯ ಬಾಕಿ

ದಿನಕ್ಕೆ ಒಂದೇ ಲೀಟರ್ ಅಂದಿದ್ದಾರೆ.
ಮಾತ್ರೆಯ ಜತೆಗಿನ ಗುಟುಕು, ಸೂಪಿನೊಳಗಿನ ನೀರು,
ಕೊನೆಗೆ ಪೀಚ್ ಹಣ್ಣಿನ ರಸವೂ ಲೆಕ್ಕಕ್ಕೆ.
ಗೆರೆ ಕೊರೆದ ಲೋಟವನ್ನು ನನ್ನ ಕೈಗಿತ್ತು
ನರ್ಸ್ ಯಾಸ್ನಾ ನಕ್ಕಳು:
'ಇವತ್ತಿನಿಂದ ನೀವೇ ಖಜಾಂಚಿ, ಎಲಿಸೇಯೊ.'

ಮೂವತ್ತೊಂದು ವರ್ಷ ವಾಲ್ಪರೈಸೊದಲ್ಲಿ
ಗುಡ್ಡದ ಲಿಫ್ಟ್ ನಡೆಸಿದವನು ನಾನು.
ಹಳಿಯ ಮೇಲೆ ಎರಡು ಡಬ್ಬಿ, ಒಂದು ಹತ್ತಬೇಕಾದರೆ
ಇನ್ನೊಂದು ಇಳಿಯಬೇಕು. ಅಷ್ಟೇ ನನಗೆ ಬಂದ ವಿದ್ಯೆ.
ಡಾಕ್ಟರ್ ಅರಿಯಾಗಾದ ಊಟದ ಚೀಟಿಯ ಬೆನ್ನಿಗೆ
ನಿನ್ನ ಎದೆಯನ್ನು ಬರೆದು ತೋರಿಸಿದಳು:
ಹುಟ್ಟುವಾಗಲೇ ಅದಲುಬದಲಾದ ಎರಡು ಕೊಳವೆ,
ಎರಡನೇ ವರ್ಷದಲ್ಲಿ ಯಾರೋ ಹೊಲಿದು ಕೂಡಿಸಿದ ದಾರಿ,
ತನ್ನದಲ್ಲದ ಕೆಲಸವನ್ನು ನಲವತ್ತೆಂಟು ವರ್ಷ
ಗೊಣಗದೆ ಮಾಡಿ ಈಗ ದಣಿದ ಬಲದ ಕೋಣೆ.
ನಾನು ತಲೆಯಾಡಿಸಿದೆ. ನೀನು ಚೀಟಿ ತಿರುಗಿಸಿ ಓದಿದೆ:
'ಉಪ್ಪಿಲ್ಲದ ಕೋಳಿ. ಉಪ್ಪಿಲ್ಲದ ಆಲೂಗಡ್ಡೆ.
ಇದಕ್ಕಿಂತ ಆ ಚಿತ್ರವೇ ರುಚಿಯಾಗಿದೆ.'

ಪಾಳಿ ಬದಲಾದಾಗಲೆಲ್ಲ ಹೊಸ ಮುಖ, ಹಳೆಯ ಪ್ರಶ್ನೆ.
ಈ ಏದುಸಿರಿನ ನಡುವೆ ನೀನು ಎಷ್ಟು ಸಲ ಹುಟ್ಟಬೇಕು,
ಎಷ್ಟು ಸಲ ಹೊಲಿಸಿಕೊಳ್ಳಬೇಕು?
ನಾನು ನೋಟುಪುಸ್ತಕ ತೆರೆಯುತ್ತೇನೆ.
ಲಿಫ್ಟಿನ ಗ್ರೀಸು ಮೆತ್ತಿದ ಅದೇ ಪುಸ್ತಕ;
ಮುಂದಿನಿಂದ ಹಗ್ಗದ ತಪಾಸಣೆ, ಹಿಂದಿನಿಂದ ನೀನು.
ಮಂಗಳವಾರ ಒಬ್ಬ ಎಳೆಯ ಡಾಕ್ಟರ್ ಬರೆದ ಔಷಧಿ ನೋಡಿ
'ಇದು ಬೇಡ' ಅಂದೆ. 'ಹೋದ ವರ್ಷ ಇದರಿಂದಲೇ
ಅಡುಗೆಮನೆಯಲ್ಲಿ ಕುಸಿದಳು. ಹದಿನಾಲ್ಕನೇ ಪುಟ.'
ನನ್ನ ದನಿ ನನಗೇ ಹೊಸದು.
ಆತ ಓದಿದ, ಹೊಡೆದುಹಾಕಿದ, ಥ್ಯಾಂಕ್ಸ್ ಅಂದ.
ಆಮೇಲೆ ನಾನು ಬಾತ್‌ರೂಮಿನಲ್ಲಿ ನಿಂತು
ಕೈ ನಡುಗುವುದು ನಿಲ್ಲಲೆಂದು ಕಾದೆ.

'ಮನೆಗೆ ಹೋಗು, ಗಡ್ಡ ತೆಗೆ' ಅಂದೆ ನೀನು,
'ಪಕ್ಕದ ಹಾಸಿಗೆಯ ಒಟಿಲಿಯಾ
ನಿನ್ನನ್ನು ನನ್ನಪ್ಪ ಅಂದುಕೊಂಡಿದ್ದಾಳೆ.'
ಹೋದೆ. ನನ್ನ ಲಿಫ್ಟೇ ರಿಪೇರಿಗೆ ನಿಂತಿದೆ.
ಇನ್ನೂರ ಹದಿಮೂರು ಮೆಟ್ಟಿಲು,
ನೀನು ಯಾವತ್ತೂ ಹತ್ತಲಾಗದವು.
ನಿನಗಾಗಿಯೇ ಅಲ್ಲವೆ ರಾತ್ರಿ ಹನ್ನೊಂದಕ್ಕೆ
ಒಬ್ಬಳೇ ಪ್ರಯಾಣಿಕಳಿಗೆ ಡಬ್ಬಿ ಓಡಿಸಿ
ಮೇಲಿನವರ ಕೈಲಿ ಬೈಸಿಕೊಂಡದ್ದು.
ಮೇಜಿನ ಮೇಲೆ ಒಂದೇ ತೋಳಿನ ಶಾಲೆಯ ಅಂಗಿ,
ಸೂಜಿ ಚುಚ್ಚಿದಲ್ಲೇ ಇದೆ.
ಕತ್ತಲಲ್ಲಿ ನಿಂತು ಬ್ರೆಡ್ಡು ತಿಂದೆ,
ಬೆಣ್ಣೆಯ ಮೇಲೆ ಬೇಕೆಂತಲೇ ಉಪ್ಪು ಉದುರಿಸಿಕೊಂಡು,
ಕಳ್ಳನ ಹಾಗೆ.
ಕೆಳಗೆ ಬಂದರಿನ ಕ್ರೇನುಗಳು ದೀಪ ಹೊತ್ತು ತಿರುಗುತ್ತಿದ್ದವು.

ಶುಕ್ರವಾರ, ರಾತ್ರಿ ಎರಡು ಇಪ್ಪತ್ತು.
ನೀನು ನೀರು ಕೇಳಿದೆ. ಲೋಟಕ್ಕೆ ಬಗ್ಗಿಸುತ್ತಿದ್ದೆ.
ತೆರೆಯ ಮೇಲಿನ ಹಸಿರು ಗೆರೆ
ಹಗ್ಗ ಹರಿದ ಡಬ್ಬಿಯಂತೆ...
ಇಲ್ಲ, ಹೋಲಿಕೆ ಬೇಡ.
ನಿನ್ನ ಕಣ್ಣು ನನ್ನ ಮೇಲಿತ್ತು, ಆಮೇಲೆ ಇರಲಿಲ್ಲ.
ಐದು ಜನ ಬಂದರು, ಪರದೆ ಎಳೆದರು,
ನನ್ನನ್ನು ಭುಜ ಹಿಡಿದು ಹೊರಗಿಟ್ಟರು.
ಕಾರಿಡಾರಿನಲ್ಲಿ ಲೋಟ ಹಿಡಿದೇ ನಿಂತೆ, ನೆಲ್ದಾ.
ನೆಲ ಒರೆಸುವವಳು ನನ್ನ ಸುತ್ತಲೇ ಒರೆಸಿಕೊಂಡು ಹೋದಳು,
ಪಕ್ಕಕ್ಕೆ ಸರಿಯಿರಿ ಅನ್ನಲಿಲ್ಲ.
ನೂರಿಪ್ಪತ್ತು ಮಿಲಿಲೀಟರ್. ಗೆರೆಗೆ ಸರಿಯಾಗಿ.
ಪ್ರಾರ್ಥನೆ ಬಾಯಿಗೆ ಬರಲಿಲ್ಲ,
ಚೆಲ್ಲಬಾರದು ಅನ್ನುವುದೊಂದೇ.

ಬೆಳಿಗ್ಗೆ ನಿನ್ನೆದೆಯ ಮೇಲೆ ಎರಡು ಕೆಂಪು ಚೌಕ,
ತುಟಿ ಸಿಪ್ಪೆ ಎದ್ದಿತ್ತು.
'ನಿನ್ನೆಯದು ಎಷ್ಟು ಉಳಿದಿದೆ?'
'ನೂರಿಪ್ಪತ್ತು.'
'ಆರು ಗಂಟೆಗೆ ಹೊಸ ಲೆಕ್ಕ ಶುರು,' ಯಾಸ್ನಾ ಅಂದಳು,
'ನಿನ್ನೆಯ ಬಾಕಿ ಇವತ್ತಿಗೆ ಬರುವುದಿಲ್ಲ.'
ಹಾಗಂದವಳೇ ಕಿಟಕಿಯ ಕಡೆ ತಿರುಗಿ
ಬಹಳ ಹೊತ್ತು ಸಮುದ್ರ ನೋಡಿದಳು,
ಅದನ್ನು ಮೊದಲ ಸಲ ಕಂಡವಳಂತೆ.

ನಾನು ಲೋಟವನ್ನು ನಿನ್ನ ತುಟಿಗೆ ಹಿಡಿದೆ.